ಹೊಸ ಅಂಚೆಚೀಟಿ ಊರಿನ ಅಂಚೆ ಕಚೇರಿಗೆ ಬರುವ ಬಗೆ

ಭಾರತೀಯ ಅಂಚೆ ಇಲಾಖೆ ಹೊಸ ಅಂಚೆಚೀಟಿಯೊಂದನ್ನು ಬಿಡುಗಡೆ ಮಾಡಿದ ಸುದ್ದಿ ಅದೇ ದಿನ ದೇಶಕ್ಕೆಲ್ಲ ತಿಳಿಯುತ್ತದೆಯಾದರೂ, ಆ ಚೀಟಿ ತಾಲ್ಲೂಕು ಕೇಂದ್ರವೊಂದರ ಅಂಚೆ ಕಚೇರಿಯಲ್ಲಿ ಕೈಗೆ ಸಿಗುವುದು ತಡವಾಗಿ, ಎಷ್ಟೋ ಸಲ ಸಿಗುವುದೇ ಇಲ್ಲ. ಇದಕ್ಕೆ ಸಿಬ್ಬಂದಿಯ ಉದಾಸೀನವೇ ಕಾರಣವೆಂದು ಸಂಗ್ರಾಹಕರು ದೂರುವುದುಂಟು. ಆ ದೂರಿನಲ್ಲಿ ಸ್ವಲ್ಪ ಸತ್ಯವಿದ್ದರೂ, ಮುಖ್ಯ ಕಾರಣವಿರುವುದು ಚೀಟಿಗಳನ್ನು ಮುದ್ರಿಸಿ ಹಂಚುವ ವ್ಯವಸ್ಥೆಯಲ್ಲಿಯೇ. ಆ ವ್ಯವಸ್ಥೆಯನ್ನು ಅರಿತವರಿಗೆ ಊರಿನ ಕೌಂಟರಿನಲ್ಲಿ ಏನನ್ನು ಕೇಳಬೇಕು, ಏನನ್ನು ಕೇಳಿ ಫಲವಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಅಂಚೆಚೀಟಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪತ್ರಗಳಿಗೆ ದಿನವೂ ಅಂಟಿಸಲೆಂದು ವರ್ಷಗಟ್ಟಲೆ ಮತ್ತೆ ಮತ್ತೆ ಮುದ್ರಿಸುವ ನಿತ್ಯಬಳಕೆಯ ಚೀಟಿಗಳನ್ನು ಸಂಗ್ರಾಹಕರು ಡೆಫಿನಿಟಿವ್ ಎನ್ನುತ್ತಾರೆ. ವ್ಯಕ್ತಿ, ಸಂಸ್ಥೆ, ಘಟನೆ ಅಥವಾ ಸಸ್ಯ, ಪ್ರಾಣಿ, ಕಲೆ ಇತ್ಯಾದಿ ವಿಷಯಗಳ ನೆನಪಿಗಾಗಿ ಸೀಮಿತ ಸಂಖ್ಯೆಯಲ್ಲಿ ಮುದ್ರಿಸಿ, ಮುಗಿದ ಮೇಲೆ ಸಾಮಾನ್ಯವಾಗಿ ಮರುಮುದ್ರಿಸದೆ ಬಿಡುವಂಥವು ಸ್ಮರಣಾರ್ಥ ಚೀಟಿಗಳು, ಎಂದರೆ ಕಮೆಮೊರೇಟಿವ್. ಪತ್ರಿಕೆಗಳಲ್ಲಿ ಚಿತ್ರಸಹಿತ ಸುದ್ದಿಯಾಗುವುದು ಹೆಚ್ಚಾಗಿ ಎರಡನೆಯ ಬಗೆಯೇ.

ಸ್ಮರಣಾರ್ಥ ಚೀಟಿಯ ವಿಷಯವನ್ನು ಯಾರು ಬೇಕಾದರೂ ಇಲಾಖೆಗೆ ಸೂಚಿಸಬಹುದು. ಬಂದ ಸೂಚನೆಗಳನ್ನು ಸಲಹಾ ಸಮಿತಿಯೊಂದು ಪರಿಶೀಲಿಸುತ್ತದೆ. ಬದುಕಿರುವವರ ಚಿತ್ರವನ್ನು ಚೀಟಿಯ ಮೇಲೆ ತರುವುದು ವಾಡಿಕೆಯಲ್ಲ. ಆದರೂ 1958ರಲ್ಲಿ ಧೊಂಡೊ ಕೇಶವ ಕರ್ವೆಯವರ ಹಾಗೂ 1960ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಚೀಟಿಗಳು ಬಂದಾಗ ಇಬ್ಬರೂ ಬದುಕಿದ್ದರು. ನೂರು ವರ್ಷ ಬಾಳಿದವರಿಗೆ ನಿಯಮ ಸಡಿಲವಾದದ್ದರಲ್ಲಿ ಆಶ್ಚರ್ಯವಿಲ್ಲ. ಕರ್ನಾಟಕದ ಸಂಗ್ರಾಹಕರು ಜೋಪಾನ ಮಾಡುವ ಹಳೆಯ ಚೀಟಿಗಳಲ್ಲಿ ವಿಶ್ವೇಶ್ವರಯ್ಯನವರದರ ಜೊತೆಗೆ 1964ರ ಪುರಂದರದಾಸ, 1967ರ ಬಸವೇಶ್ವರ, 1977ರ ಕಿತ್ತೂರು ಚೆನ್ನಮ್ಮ ಚೀಟಿಗಳೂ ಸೇರುತ್ತವೆ.

ನಾಸಿಕ ಅಥವಾ ಹೈದರಾಬಾದಿನ ಭದ್ರತಾ ಮುದ್ರಣಾಲಯದಲ್ಲಿ ಅಚ್ಚಾದ ಚೀಟಿಗಳು ಮೊದಲು ಆಯಾ ಅಂಚೆ ವೃತ್ತದ, ಎಂದರೆ ಬಹುಮಟ್ಟಿಗೆ ಒಂದು ರಾಜ್ಯಕ್ಕೆ ಸಮನಾದ ಆಡಳಿತ ವಿಭಾಗದ, ಸ್ಟಾಂಪ್ ಡಿಪೋ ಸೇರುತ್ತವೆ. ಅಲ್ಲಿಂದ ಪ್ರಧಾನ ಅಂಚೆ ಕಚೇರಿಗಳ ಖಜಾನೆಗೆ, ಖಜಾನೆಯಿಂದ ಬೇಡಿಕೆಗೆ ತಕ್ಕಂತೆ ಉಪ ಅಂಚೆ ಕಚೇರಿಗಳಿಗೆ, ಅಲ್ಲಿಂದ ಹಳ್ಳಿಯ ಶಾಖಾ ಕಚೇರಿಗಳಿಗೆ ಇಳಿಯುತ್ತವೆ. ಅಂಚೆಚೀಟಿಯ ದಾಸ್ತಾನಿಗೆ ನಗದಿನಷ್ಟೇ ಬಿಗಿಯಾದ ಲೆಕ್ಕವಿರುವುದರಿಂದ, ಬೇಗ ಖರ್ಚಾಗುವ ಐದು ರೂಪಾಯಿಯ ಸಾಮಾನ್ಯ ಚೀಟಿಯನ್ನು ಬಿಟ್ಟು, ಯಾರು ಕೊಳ್ಳುತ್ತಾರೋ ತಿಳಿಯದ ಸ್ಮರಣಾರ್ಥ ಚೀಟಿಯ ಹಾಳೆಗಳನ್ನು ತರಿಸಿ ಕಪಾಟಿನಲ್ಲಿಟ್ಟುಕೊಳ್ಳಲು ಸಣ್ಣ ಕಚೇರಿಯ ಪೋಸ್ಟ್ ಮಾಸ್ಟರ್ ಹಿಂಜರಿಯುವುದು ಸಹಜ. ಹೀಗಾಗಿ ಸಂಗ್ರಾಹಕರಿಗೆಂದೇ ಮೀಸಲಾದ ಫಿಲಾಟೆಲಿಕ್ ಬ್ಯೂರೋಗಳು ಬೆಂಗಳೂರಿನ ಜಿಪಿಒದಂತಹ ದೊಡ್ಡ ಕಚೇರಿಗಳಲ್ಲಿಯೂ, ಅವುಗಳಿಗಿಂತ ಚಿಕ್ಕವಾದ ಫಿಲಾಟೆಲಿಕ್ ಕೌಂಟರುಗಳು ಹಲವು ಪ್ರಧಾನ ಕಚೇರಿಗಳಲ್ಲಿಯೂ ಇವೆ. ಹೊಸ ಚೀಟಿಗಳ ಬಹುಪಾಲು ಸೇರುವುದು ಇವುಗಳನ್ನೇ.

ಇಲ್ಲಿ ದೊರೆಯುವುದು ಬರೀ ಚೀಟಿಯಲ್ಲ. ಬಿಡುಗಡೆಯ ದಿನದ ವಿಶೇಷ ಮೊಹರನ್ನು ಹೊತ್ತ ಚಿತ್ರಲಕೋಟೆಗೆ ಪ್ರಥಮ ದಿನದ ಲಕೋಟೆ ಎನ್ನುತ್ತಾರೆ. ಅದರೊಡನೆ ಬರುವ ಮಾಹಿತಿಪತ್ರದಲ್ಲಿ ವಿಷಯದ ಪರಿಚಯವಲ್ಲದೆ ಮುದ್ರಣದ ವಿಧಾನ, ಮುದ್ರಣಾಲಯ, ಮುದ್ರಿತ ಸಂಖ್ಯೆ ಇವೂ ನಮೂದಾಗಿರುತ್ತವೆ. ಕಸದ ಬುಟ್ಟಿಗೆ ಮೊದಲು ಹೋಗುವ ಈ ಕಾಗದವೇ ಮುಂದೆ ಚೀಟಿಯ ಚರಿತ್ರೆಗೆ ನೆಚ್ಚಿನ ಆಧಾರವಾಗುತ್ತದೆ. ಒಂದಕ್ಕೊಂದು ಅಂಟಿಕೊಂಡಂತೆ ಒಟ್ಟಿಗೆ ಅಚ್ಚಾದ ಬೇರೆ ಬೇರೆ ವಿನ್ಯಾಸದ ಚೀಟಿಗಳನ್ನು ಸೆ-ಟೆನಂಟ್ ಎಂದೂ, ಅಲಂಕೃತ ಅಂಚಿನ ಚಿಕ್ಕ ಹಾಳೆಯಲ್ಲಿ ಒಂದೋ ಕೆಲವೋ ಚೀಟಿಗಳಿದ್ದರೆ ಮಿನಿಯೇಚರ್ ಶೀಟ್ ಎಂದೂ ಕರೆಯುತ್ತಾರೆ. 2006ರಲ್ಲಿ ಬಂದ ಶ್ರೀಗಂಧದ ಪರಿಮಳದ 15 ರೂಪಾಯಿಯ ಚೀಟಿ, 2017ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಕಾಫಿ ಪರಿಮಳದ 100 ರೂಪಾಯಿಯ ಚೀಟಿ ಮೊದಲಾದವು ಸಂಗ್ರಾಹಕರಲ್ಲದವರನ್ನೂ ಕೌಂಟರಿಗೆ ಎಳೆದು ತರಬಲ್ಲವು, ಆದರೆ ನೂರು ರೂಪಾಯಿಯ ಚೀಟಿಯನ್ನು ಪತ್ರಕ್ಕೆ ಅಂಟಿಸುವವರು ಅಪರೂಪ; ಅದು ಹುಟ್ಟುವುದೇ ಆಲ್ಬಮ್ಮಿಗಾಗಿ.

ಬ್ಯೂರೋ ದೂರವಿರುವ ಊರಿನವರಿಗೆ ಫಿಲಾಟೆಲಿಕ್ ಠೇವಣಿ ಖಾತೆ ಎಂಬ ಏರ್ಪಾಡಿದೆ. ಕನಿಷ್ಠ 200 ರೂಪಾಯಿ ಕಟ್ಟಿ, ಬಿಡಿ ಚೀಟಿ, ಹಾಳೆ, ಪ್ರಥಮ ದಿನದ ಲಕೋಟೆ ಇವುಗಳಲ್ಲಿ ಯಾವುದು ಎಷ್ಟು ಬೇಕೆಂದು ತಿಳಿಸಿದರೆ, ಹೊಸದು ಬಂದಂತೆಲ್ಲ ಬೆಲೆಯನ್ನು ಖಾತೆಯಲ್ಲಿ ಕಳೆದು ಮನೆಗೆ ಕಳುಹಿಸುತ್ತಾರೆ. ಅಂತರ್ಜಾಲದ ಮೂಲಕ ಕೊಳ್ಳುವ ದಾರಿಯೂ ತೆರೆದಿದೆ. ಸ್ಮರಣಾರ್ಥ ಚೀಟಿಗಳ ಮಟ್ಟಿಗೆ ಇದಕ್ಕಿಂತ ನಂಬಿಕೆಯ ವ್ಯವಸ್ಥೆ ಬೇರಿಲ್ಲ, ಮತ್ತು ಅವುಗಳಿಗಾಗಿ ಊರಿನ ಕಚೇರಿಯನ್ನು ಪದೇ ಪದೇ ಕಾಡುವುದರಲ್ಲಿ ಅರ್ಥವೂ ಇಲ್ಲ.

ಊರಿನ ಕಚೇರಿಯ ನಿಜವಾದ ಸಂಪತ್ತು ನಿತ್ಯಬಳಕೆಯ ಚೀಟಿ. ಹೊಸ ಸರಣಿ ಆರಂಭವಾದಾಗ ಪ್ರಕಟಣೆ ಹೊರಡುತ್ತದೆಯಾದರೂ, ಮರುಮುದ್ರಣದಲ್ಲಿ ಕಾಗದ, ಬಣ್ಣದ ಛಾಯೆ, ಅಂಚಿನ ರಂಧ್ರಗಳ ಅಳತೆ ಬದಲಾದರೆ ಅದನ್ನು ಸಾರುವ ಸಮಾರಂಭ ನಡೆಯುವುದಿಲ್ಲ. ಹೊಸ ಹಾಳೆ ಹಳೆಯ ಹಾಳೆಯ ಕೆಳಗೆ ಬಂದು ಕೂತಿರುತ್ತದೆ, ಅಷ್ಟೆ. ಇದಕ್ಕೆ ಒಳ್ಳೆಯ ನಿದರ್ಶನ, ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದ 1957ರ ಏಪ್ರಿಲ್ 1ರಂದು ಆರಂಭವಾದ ಭಾರತ ನಕಾಶೆಯ ಸರಣಿ. ಕಾಗದವನ್ನು ತಯಾರಿಸುವಾಗಲೇ ಅದರೊಳಗೆ ಮೂಡಿಸುವ, ಬೆಳಕಿಗೆ ಹಿಡಿದಾಗ ಕಾಣುವ ಗುರುತಿಗೆ ವಾಟರ್‌ಮಾರ್ಕ್ ಎನ್ನುತ್ತಾರೆ. ನಕಾಶೆಯ ಚೀಟಿಗಳು ಮೊದಲು ನಕ್ಷತ್ರಗಳ ವಾಟರ್‌ಮಾರ್ಕ್ ಇದ್ದ ಕಾಗದದ ಮೇಲೆ ಅಚ್ಚಾಗಿ, 1958ರಿಂದ ಮುಂದೆ ಅಶೋಕಸ್ತಂಭದ ಬೋದಿಗೆಯ ಗುರುತುಳ್ಳ ಕಾಗದಕ್ಕೆ ಬದಲಾದವು. ಮುಖ ಅದೇ, ವಾಟರ್‌ಮಾರ್ಕ್ ಮಾತ್ರ ಬೇರೆ. ಕೌಂಟರಿನಲ್ಲಿ ಮಾರುವವರಿಗೂ ಕೊಂಡು ಅಂಟಿಸುವವರಿಗೂ ಎರಡರಲ್ಲಿ ಭೇದವಿರಲಿಲ್ಲ; ಕ್ಯಾಟಲಾಗಿನಲ್ಲಿ ಅವು ಪ್ರತ್ಯೇಕ ಚೀಟಿಗಳು. 1949ರ ಆಗಸ್ಟ್ 15ರಂದು ಬಂದ ಪುರಾತತ್ತ್ವ ಸರಣಿಯಲ್ಲಿ ಆರಾಣೆಯ ಚೀಟಿಯ ಮೇಲೆ ವಿಜಯಪುರದ ಗೋಳಗುಮ್ಮಟವಿತ್ತು. ಅದೂ ಸ್ಮರಣಾರ್ಥವಲ್ಲ, ಎಲ್ಲ ಕಚೇರಿಗಳಲ್ಲಿ ಮಾರಲೆಂದು ಬಂದ ನಿತ್ಯದ ಚೀಟಿ.

ಇಂತಹ ವ್ಯತ್ಯಾಸ ಹುಡುಕುವವರು ಬಿಡಿ ಚೀಟಿಗಿಂತ ಹಾಳೆಯನ್ನು ನೋಡಲು ಬಯಸುತ್ತಾರೆ, ಏಕೆಂದರೆ ಹಾಳೆಯ ಬಿಳಿ ಅಂಚಿನಲ್ಲಿ ಮುದ್ರಣದ ಸುಳಿವುಗಳಿರುತ್ತವೆ. ಅಲ್ಲಿ ಸಾಲಾಗಿ ಕಾಣುವ ಬಣ್ಣದ ಚುಕ್ಕೆಗಳು ಯಾವ ಯಾವ ಬಣ್ಣಗಳನ್ನು ಬಳಸಿದೆಯೆಂಬುದನ್ನು ತೋರಿಸುತ್ತವೆ. ಸಂಗ್ರಾಹಕರು ಇವನ್ನು ಟ್ರಾಫಿಕ್ ಲೈಟ್ ಎಂದು ಕರೆಯುತ್ತಾರೆ. ಎರಡು ಸೆಂಟಿಮೀಟರಿನ ಉದ್ದದಲ್ಲಿ ಎಷ್ಟು ರಂಧ್ರಗಳಿವೆಯೆಂದು ಎಣಿಸುವುದು ರಂಧ್ರದ ಅಳತೆಗೆ ಎಲ್ಲೆಡೆ ಒಪ್ಪಿತವಾದ ಕ್ರಮ. ಇದಕ್ಕೆ ಬೇಕಾದ ಅಳತೆಪಟ್ಟಿ ಅಗ್ಗ. ತಾಳ್ಮೆಯಿರುವ ಕೌಂಟರ್ ಗುಮಾಸ್ತರು ದುರ್ಲಭ.

ಬಳಸಿದ ಚೀಟಿಗಳ ಸಂಗ್ರಹಕ್ಕೆ ಇಂದು ಹೆಚ್ಚಿನ ತೊಡಕು ಎದುರಾಗಿದೆ. ಹಂಪಿ, ಬಾದಾಮಿಯಂತಹ ಸ್ಥಳಗಳ ಅಂಚೆ ಕಚೇರಿಗಳಲ್ಲಿ ಆ ಜಾಗದ ಚಿತ್ರವಿರುವ ಶಾಶ್ವತ ಚಿತ್ರಮೊಹರುಗಳಿದ್ದು, ಅಲ್ಲಿಗೆ ಹೋದವರು ಕೇಳಿದರೆ ಲಕೋಟೆಯ ಮೇಲೆ ಒತ್ತಿಸಿಕೊಳ್ಳಬಹುದು. ಉಳಿದ ಕಡೆ ಚೀಟಿಯ ಜಾಗವನ್ನು ಕಂಪ್ಯೂಟರಿನಲ್ಲಿ ಅಚ್ಚಾದ ಬಾರ್‌ಕೋಡ್ ಪಟ್ಟಿ ಆಕ್ರಮಿಸಿದೆ. ಹಲವು ಚೀಟಿಗಳನ್ನು ಒಟ್ಟಿಗೆ ಅಂಟಿಸಿ ಕಳುಹಿಸಲು ಸಂಗ್ರಾಹಕರು ನೆಚ್ಚಿಕೊಂಡಿದ್ದ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಹೊಸ ಚೀಟಿಯೊಂದು ನಿಜವಾಗಿ ಅಂಚೆಯಲ್ಲಿ ಸಾಗಿದ್ದಕ್ಕೆ ಸಾಕ್ಷಿ ಬೇಕೆನ್ನುವವರಿಗೆ ಉಳಿದಿರುವ ಸುಲಭದ ಉಪಾಯವೆಂದರೆ ಸಾಮಾನ್ಯ ಪತ್ರಕ್ಕೆ ಅದನ್ನು ಅಂಟಿಸಿ, ಡಬ್ಬಿಗೆ ಹಾಕದೆ ಕೌಂಟರಿನಲ್ಲಿಯೇ ಕೊಟ್ಟು, ಠಸ್ಸೆಯನ್ನು ಕೈಯಿಂದ ಒತ್ತುವಂತೆ ಕೇಳಿಕೊಳ್ಳುವುದು. ಊರಿನ ಹೆಸರೂ ದಿನಾಂಕವೂ ಓದುವಂತೆ ಮೂಡುವುದು ಮಾತ್ರ ಠಸ್ಸೆಯ ಮಸಿಯನ್ನೂ, ಅದನ್ನು ಹಿಡಿದವರ ಪುರುಸೊತ್ತನ್ನೂ ಅವಲಂಬಿಸಿದೆ.