ಅನಾನಸಿನೊಳಗಿನ ಲಾಪು ಲಾಪು

ಅಮೆರಿಕದ ಫ್ಲೋರಿಡಾದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ಪ್ರಸಿದ್ಧ ಥೀಮ್ ಪಾರ್ಕ್ ಇದೆ. 1971ರ ಅಕ್ಟೋಬರ್ 1ರಂದು ಅದರ ಜೊತೆಗೇ ಬಾಗಿಲು ತೆರೆದ ಪಾಲಿನೇಷಿಯನ್ ಹೋಟೆಲಿನಲ್ಲಿ ಹೆಸರುವಾಸಿಯಾದ ಪಾನೀಯವೊಂದಿದೆ: ‘ಲಾಪು ಲಾಪು’. ತಿರುಳು ತೆಗೆದ ಇಡೀ ಅನಾನಸು ಹಣ್ಣೇ ಅದರ ಲೋಟ. ಒಳಗೇನಿದೆ ಎಂದರೆ ಹೋಟೆಲಿನ ಪಟ್ಟಿ ಹೇಳುವುದು ಇಷ್ಟೇ: ಕಪ್ಪು ರಮ್, ಉಷ್ಣವಲಯದ ಹಣ್ಣುಗಳ ರಸ, ಮೇಲೆ ಒಂದಿಷ್ಟು ತೀಕ್ಷ್ಣವಾದ ರಮ್. ಯಾವ ಹಣ್ಣು, ಎಷ್ಟು ರಸ? ರಜೆ ಮುಗಿಸಿ ಊರಿಗೆ ಮರಳಿ, ಅದೇ ರುಚಿಯನ್ನು ಮನೆಯಲ್ಲಿ ಹಿಡಿಯಲು ಹೊರಟವರು ತಡವರಿಸುವುದು ಇಲ್ಲಿಯೇ.

ಹೆಸರಿನಿಂದಲೇ ಗೊಂದಲ ಶುರುವಾಗುತ್ತದೆ. ಲಾಪುಲಾಪು ಪಾಲಿನೇಷಿಯಾದವನಲ್ಲ, ಫಿಲಿಪ್ಪೀನ್ಸಿನ ಮ್ಯಾಕ್ಟನ್ ದ್ವೀಪದ ನಾಯಕ. 1521ರ ಏಪ್ರಿಲ್‌ನಲ್ಲಿ ಅವನ ಪಡೆಯೊಡನೆ ಕಾದಾಡುತ್ತಲೇ ನಾವಿಕ ಮೆಗೆಲ್ಲನ್ ಹತನಾದ. ಇನ್ನು ರಮ್ ಕೆರಿಬಿಯನ್ ದ್ವೀಪಗಳ ಕಬ್ಬಿನ ಕೂಸು. ಅನಾನಸು ಮೂಲತಃ ದಕ್ಷಿಣ ಅಮೆರಿಕದ್ದು. ಅಲ್ಲಿನ ಆದಿವಾಸಿಗಳ ನುಡಿಯಲ್ಲಿದ್ದ ಹೆಸರೇ ಪೋರ್ಚುಗೀಸರ ಹಡಗೇರಿ ಕನ್ನಡದವರೆಗೂ ಬಂದಿದೆ. ಪಾಲಿನೇಷಿಯಾದವರಿಗೋ, ಐರೋಪ್ಯರು ಬರುವ ಮೊದಲು ಭಟ್ಟಿ ಇಳಿಸಿದ ಮದ್ಯವೇ ಗೊತ್ತಿರಲಿಲ್ಲ. ಅವರ ಪಾನೀಯ ಕಾವಾ, ನಮ್ಮ ಕರಿಮೆಣಸಿನ ಬಳಗಕ್ಕೆ ಸೇರಿದ ಒಂದು ಗಿಡದ ಬೇರಿನಿಂದ ಮಾಡಿದ್ದು. ಅಂದಮೇಲೆ ಈ ‘ಪಾಲಿನೇಷಿಯನ್’ ಕಾಕ್‌ಟೇಲ್ ಹುಟ್ಟಿದ್ದೆಲ್ಲಿ?

ಈ ಬಗೆಯ ಪಾನೀಯಗಳ ತವರು ಹಾಲಿವುಡ್. ಅಮೆರಿಕದಲ್ಲಿ ಪಾನನಿರೋಧ 1933ರ ಡಿಸೆಂಬರ್‌ನಲ್ಲಿ ರದ್ದಾಯಿತು. ಅದರ ಆಸುಪಾಸಿನಲ್ಲೇ ಅರ್ನೆಸ್ಟ್ ಗ್ಯಾಂಟ್ ಎಂಬ ತರುಣ ಅಲ್ಲೊಂದು ಪುಟ್ಟ ಮದ್ಯದಂಗಡಿ ತೆರೆದ. ಬಿದಿರು, ಮೀನುಬಲೆ, ಹಡಗಿನ ಅವಶೇಷಗಳಿಂದ ಅದನ್ನು ಸಿಂಗರಿಸಿದ. ‘ಡಾನ್ ದಿ ಬೀಚ್‌ಕೋಂಬರ್’ ಎಂಬ ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಕೊನೆಗೆ ಅವನು ತನ್ನ ಹೆಸರನ್ನೇ ಡಾನ್ ಬೀಚ್ ಎಂದು ಬದಲಿಸಿಕೊಂಡ. ಅವನ ಕಲ್ಪನೆಯ ದ್ವೀಪ ಸುಳ್ಳಿರಬಹುದು, ಕೈಗುಣ ಸುಳ್ಳಲ್ಲ. ಎರಡು ಮೂರು ಬಗೆಯ ರಮ್ ಬೆರೆಸುವುದು, ಹುಳಿಗೆ ತಾಜಾ ನಿಂಬೆ, ಸಿಹಿಗೆ ದಾಲ್ಚಿನ್ನಿಯಂಥ ಮಸಾಲೆಯ ಪಾಕ: ಈ ಹದ ಅವನದು.

ನಕಲಿನ ಭಯವೂ ಅವನಿಗೆ ಅಷ್ಟೇ ಇತ್ತು. ಎದುರಾಳಿಗಳು ಸಂಬಳದ ಆಸೆ ತೋರಿಸಿ ಕೆಲಸಗಾರರನ್ನು ಸೆಳೆದರೆ ಪಾಕವಿಧಾನವೂ ಅವರೊಡನೆ ಹೋದಂತೆಯೇ. ಆದ್ದರಿಂದ ಸೀಸೆಗಳ ಮೇಲೆ ‘ಡಾನ್ಸ್ ಮಿಕ್ಸ್’, ‘ಸ್ಪೈಸಸ್ ನಂಬರ್ 4’ ಎಂಬಂಥ ಸಂಕೇತಗಳನ್ನಷ್ಟೇ ಬರೆಸಿದ. ಬೆರೆಸುವ ಕೈಗೇ ತಾನು ಬೆರೆಸುತ್ತಿರುವುದು ಏನೆಂದು ತಿಳಿಯದು.

ಆ ಕೈಗಳಲ್ಲಿ ಬಹಳಷ್ಟು ಫಿಲಿಪ್ಪೀನ್ಸಿನವರವು. 1898ರಿಂದ 1946ರವರೆಗೆ ಅವರ ದೇಶ ಅಮೆರಿಕದ ಆಳ್ವಿಕೆಯಲ್ಲಿತ್ತು. ಕೆಲಸ ಹುಡುಕಿ ಕ್ಯಾಲಿಫೋರ್ನಿಯಾಕ್ಕೆ ಬಂದವರಿಗೆ ಸಿಕ್ಕಿದ್ದು ಹೊಲದ ಕೂಲಿ, ಇಲ್ಲವೇ ಹೋಟೆಲಿನ ಚಾಕರಿ. ಗಿರಾಕಿಗಳ ಕಣ್ಣಿಗೆ ಅವರೆಲ್ಲ ಒಟ್ಟಾರೆ ‘ದ್ವೀಪದವರು’. ಡಾನ್‌ನ ಅಂಗಡಿಯಲ್ಲಿ ದುಡಿದ ರೇ ಬ್ಯೂಹೆನ್ 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಟಿಕಿ-ಟೀ’ ಎಂಬ ಇಕ್ಕಟ್ಟಾದ ಸ್ವಂತ ಬಾರ್ ತೆರೆದ. ಅಂಥ ಅದೃಷ್ಟ ಎಲ್ಲರದಲ್ಲ. ಉಳಿದವರ ವಿದ್ಯೆ ಜೇಬಿನ ಸಣ್ಣ ಪುಸ್ತಕಗಳಲ್ಲೇ ಉಳಿಯಿತು.

ಕೊನೆಗೆ ಬೀಗ ತೆಗೆದದ್ದು ಅಂಥದೇ ಒಂದು ಪುಸ್ತಕ. ಡಾನ್‌ನ ‘ಝೋಂಬಿ’ ಎಷ್ಟು ಘಾಟೆಂದರೆ, ಒಬ್ಬ ಗಿರಾಕಿಗೆ ಎರಡೇ ಲೋಟ ಎಂಬ ಕಟ್ಟಳೆಯಿತ್ತು. ಅದರ ಮೂಲ ಪಾಕವನ್ನು ಜೆಫ್ ಬೆರ್ರಿ ಎಂಬ ಸಂಶೋಧಕ ವರ್ಷಗಟ್ಟಲೆ ಹುಡುಕಿದ. 1930ರ ದಶಕದಲ್ಲಿ ಅಲ್ಲಿ ಪರಿಚಾರಕನಾಗಿದ್ದವನ ಟಿಪ್ಪಣಿ ಪುಸ್ತಕ ಅವನ ಮಗಳ ಮೂಲಕ ಬೆರ್ರಿಯ ಕೈಸೇರಿತು. ಅದರಲ್ಲೂ ಸಂಕೇತಗಳೇ! ಹಳಬರನ್ನು ವಿಚಾರಿಸಿ ಬಿಡಿಸಿದಾಗ ‘ಡಾನ್ಸ್ ಮಿಕ್ಸ್’ ಎಂದರೆ ಎರಡು ಪಾಲು ಗ್ರೇಪ್‌ಫ್ರೂಟ್ ರಸ, ಒಂದು ಪಾಲು ದಾಲ್ಚಿನ್ನಿ ಪಾಕ ಎಂದು ತಿಳಿಯಿತು. ಇಷ್ಟು ಸರಳವಾದದ್ದು ಎಪ್ಪತ್ತು ವರ್ಷ ಗುಟ್ಟಾಗಿತ್ತು. ಬೆರ್ರಿ ಅದನ್ನು ಬಹಿರಂಗಪಡಿಸಿದ್ದು 2007ರ ತನ್ನ ಪುಸ್ತಕದಲ್ಲಿ.

ಗುಟ್ಟು ಕಾಯ್ದದ್ದರ ನಷ್ಟ ಸಣ್ಣದಲ್ಲ. ಮೂಲ ತಿಳಿಯದವರು ತೋಚಿದ್ದನ್ನು ಸುರಿದರು. ವಿಕ್ಟರ್ ಬರ್ಜರಾನ್ 1944ರಲ್ಲಿ ರೂಪಿಸಿದ ‘ಮೈ ತಾಯ್’ನಲ್ಲಿ ಅನಾನಸಿನ ಹನಿಯೂ ಇರಲಿಲ್ಲ, 1953ರಲ್ಲಿ ಹವಾಯಿಗೆ ಹೋದ ಮೇಲೆ ಪ್ರವಾಸಿಗರಿಗಾಗಿ ಅದು ಸೇರಿಕೊಂಡಿತು. 1970ರ ದಶಕದ ಹೊತ್ತಿಗೆ ಫ್ಯಾಷನ್ ಇಳಿಮುಖವಾಗಿ, ಹಿಂಡಿದ ನಿಂಬೆಯ ಜಾಗವನ್ನು ಸೀಸೆಯ ಹುಳಿಸಿಹಿ ಮಿಶ್ರಣ ಆಕ್ರಮಿಸಿತು. ಬಿದಿರಿನ ಬಾರುಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲಕ್ಕೆ ಸರಿಯಾಗಿ ಡಿಸ್ನಿಯವರ ಹೋಟೆಲ್ ಬಾಗಿಲು ತೆರೆದದ್ದು ವಿಚಿತ್ರವೇ. ಆ ವೇಷವನ್ನು ಥೀಮ್ ಪಾರ್ಕ್ ವಸ್ತುಸಂಗ್ರಹಾಲಯದಂತೆ ಕಾಪಾಡಿತು. ರುಚಿಯ ಬಗ್ಗೆ ಹಾಗೆ ಹೇಳುವುದು ಕಷ್ಟ.

ಮನೆಯಲ್ಲಿ ಮಾಡುವವರು ಹಾಗಾಗಿ ಮೊದಲು ಒಂದು ತೀರ್ಮಾನಕ್ಕೆ ಬರಬೇಕು: ಬೇಕಾದದ್ದು ರಜೆಯ ನೆನಪೋ, ಹಳೆಯ ಹದವೋ? ಎರಡನೆಯದೇ ಲೇಸು. ಬೆರ್ರಿ ಮತ್ತು ಅನೀನ್ ಕೇ 1998ರಲ್ಲಿ ಪ್ರಕಟಿಸಿದ ‘ಗ್ರಾಗ್ ಲಾಗ್’ ಎಂಬ ಕೈಪಿಡಿಯಲ್ಲಿ ‘ಚೀಫ್ ಲಾಪು ಲಾಪು’ ಎಂಬ ಪಾನೀಯವಿದೆ. ಮಿಲಿಲೀಟರ್‌ನಲ್ಲಿ ಲೆಕ್ಕ ಹಾಕಿದರೆ ಕಿತ್ತಳೆ ರಸ 90, ನಿಂಬೆರಸ 60, ಸಕ್ಕರೆ ಪಾಕ 30, ಪ್ಯಾಷನ್ ಫ್ರೂಟ್ ಪಾಕ 30, ಜಮೈಕಾದ ಕಪ್ಪು ರಮ್ 45, ಪೋರ್ಟೊ ರಿಕೋದ ತಿಳಿ ರಮ್ 45. ಪುಡಿಮಾಡಿದ ಮಂಜುಗಡ್ಡೆಯೊಡನೆ ಕುಲುಕಿ, ಸೋಸದೆ ಸುರಿಯುವುದು. ಇಲ್ಲಿಯೂ ಅನಾನಸಿನ ರಸವಿಲ್ಲ ಎಂಬುದನ್ನು ಗಮನಿಸಬೇಕು. ಕಿತ್ತಳೆ ರಸಕ್ಕೆ ಸಿಹಿಯಿದ್ದರೂ ಹುಳಿ ಸಾಲದು; ಇಷ್ಟೊಂದು ನಿಂಬೆ ಅದಕ್ಕಾಗಿ. ಪಾಕವಿಧಾನ ಕೇಳುವುದು ಲೆಮನ್. ನಮ್ಮ ಸಂತೆಯ ಪುಟ್ಟ ನಿಂಬೆಯ ಪರಿಮಳ ಬೇರೆ, ಆದರೂ ಕೆಲಸ ಕೆಡದು. ಮಂಜುಗಡ್ಡೆ ಕರಗಿದ ನೀರೂ ಹದದ ಒಂದು ಭಾಗವೇ, ಅದನ್ನು ಉಳಿಸಲು ಹೋಗಿ ರುಚಿ ಕೆಡಿಸುವವರಿದ್ದಾರೆ.

ಹೋಟೆಲಿನ ಠೀವಿ ಬೇಕೆಂದರೆ ದೊಡ್ಡ ಅನಾನಸಿನ ತಲೆ ಕತ್ತರಿಸಿ, ಸುತ್ತ ಒಂದು ಬೆರಳು ದಪ್ಪ ಬಿಟ್ಟು, ತಳ ತೂತಾಗದಂತೆ ತಿರುಳು ತೆಗೆದು, ಚಿಪ್ಪನ್ನು ತಣ್ಣಗಿಡಬೇಕು. ತೆಗೆದ ತಿರುಳನ್ನು ಹಸಿಯಾಗಿ ಹಾಲಿಗೆ ಬೆರೆಸಿದರೆ ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲನ್ನು ಒಡೆದು ಕಹಿ ಮಾಡುತ್ತದೆ. ಬೇಯಿಸಿದರೆ ಆ ಕಿಣ್ವ ನಾಶವಾಗುವುದರಿಂದ ಗೊಜ್ಜಿಗೆ ಅಡ್ಡಿಯಿಲ್ಲ.

ಮೇಲೆ ತೇಲಿಸುವ ತೀಕ್ಷ್ಣ ರಮ್‌ನಲ್ಲಿ ಶೇ 75ರಷ್ಟು ಮದ್ಯಸಾರ ಇರುತ್ತದೆ. ರಸಕ್ಕಿಂತ ಹಗುರವಾದ್ದರಿಂದ ಚಮಚದ ಬೆನ್ನಿನ ಮೇಲೆ ಮೆಲ್ಲಗೆ ಸುರಿದರೆ ಮೇಲೆಯೇ ನಿಲ್ಲುತ್ತದೆ. ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ ಎಂಬ ಎಚ್ಚರವಿರಲಿ. ಅದಿಲ್ಲದೆಯೂ ಲಾಪು ಲಾಪುವಿನ 90 ಮಿಲಿಲೀಟರ್ ರಮ್ ಎರಡು ಸಾಧಾರಣ ಪೆಗ್ಗಿಗಿಂತ ಹೆಚ್ಚೇ, ಸಿಹಿಯ ಮರೆಯಲ್ಲಿ ಅದು ಗೊತ್ತಾಗುವುದಿಲ್ಲ. ರಮ್ ಬೇಡದವರು ಅದನ್ನು ಪೂರ್ತಿ ಬಿಟ್ಟು, ಸಕ್ಕರೆ ಪಾಕವನ್ನು ಅರ್ಧಕ್ಕಿಳಿಸಿ, ಮಡಿಕೇರಿಯ ಅಂಗಡಿಗಳಲ್ಲಿ ಸಿಗುವ ಪ್ಯಾಷನ್ ಫ್ರೂಟ್ ಷರಬತ್ತನ್ನು ಬಳಸಬಹುದು. ಒಂದು ಚೂರು ದಾಲ್ಚಿನ್ನಿಯನ್ನು ಪಾಕದಲ್ಲಿ ಕುದಿಸಿಕೊಂಡರೆ ಡಾನ್‌ನ ಕೈಗುಣದ ಸುಳಿವೂ ಸಿಕ್ಕೀತು.