ಬಡವರ ಮನೆಯ ದಫ್ತರದಲ್ಲಿ ಅಜ್ಜನ ಹೆಸರು

ಕೆಲವು ವರ್ಷಗಳ ಹಿಂದಿನ ಮಾತು. ನಾನಿನ್ನೂ ಹೊಟೇಲಿನ ಗಲ್ಲಾದ ಮೇಲೆ ಕುಳಿತುಕೊಳ್ಳುತ್ತಿದ್ದ ಕಾಲ. ಒಂದು ಮಧ್ಯಾಹ್ನ ಊಟದ ಗದ್ದಲ ಇಳಿದ ತರುವಾಯ ತರುಣ ಗುಮಾಸ್ತನೊಬ್ಬನು ಬಂದು ಕೈಮುಗಿದು ನಿಂತನು. “ಯಜಮಾನರೇ, 1960ರ ಸುಮಾರಿಗೆ ನಮ್ಮ ಅಜ್ಜ ಇದೇ ಹೊಟೇಲಿನಲ್ಲಿ ಕಪ್ಪುಬಸಿ ತೊಳೆಯುತ್ತಿದ್ದರಂತೆ. ಹಳೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರನ್ನೊಮ್ಮೆ ನೋಡಬಹುದೇ?” ಎಂದು ಕೇಳಿದನು. ನಾನು ತಲೆ ತಗ್ಗಿಸಿದೆನು. ಹಿಂದಿನ ಮಾಲಕರಿಂದ ಹೊಟೇಲನ್ನು ವಹಿಸಿಕೊಂಡಾಗ ಉಗ್ರಾಣದಲ್ಲಿ ರಾಶಿಬಿದ್ದಿದ್ದ ಆ ಪುಸ್ತಕಗಳನ್ನೆಲ್ಲ ನಾನೇ ರದ್ದಿಯವನಿಗೆ ತೂಕಕ್ಕೆ ಹಾಕಿದ್ದೆನು. ತರುಣನು “ಪರವಾಗಿಲ್ಲ” ಎಂದು ಹೇಳಿ, ಚಹವನ್ನೂ ಕುಡಿಯದೆ ಹೊರಟುಹೋದನು.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಒಂದೇ. ಅರಸನ ಹೆಸರು ಶಿಲಾಶಾಸನದಲ್ಲಿ ಉಳಿಯುತ್ತದೆ. ಭೂಮಾಲಕನ ಹೆಸರು ಪಹಣಿಯಲ್ಲಿ ಉಳಿಯುತ್ತದೆ. ಏನೂ ಇಲ್ಲದವನ ಹೆಸರು ಎಲ್ಲಿ ಉಳಿಯಬೇಕು? ಈ ಪ್ರಶ್ನೆಗೆ ಆಂಗ್ಲ ದೇಶದ ಚರಿತ್ರೆಯಲ್ಲಿ ವಿಚಿತ್ರವಾದೊಂದು ಉತ್ತರ ದೊರೆಯುತ್ತದೆ. ಅದನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಿರ್ಗತಿಕರನ್ನು ಅವರವರ ಪ್ಯಾರಿಷ್, ಅಂದರೆ ಇಗರ್ಜಿಗೆ ಸೇರಿದ ಗ್ರಾಮವೇ ಸಾಕಬೇಕೆಂಬ ಕಾನೂನು ಆ ದೇಶದಲ್ಲಿ 1601ರಲ್ಲಿ ನೆಲೆಗೊಂಡಿತು. ಆದರೆ ಹೊಟ್ಟೆಪಾಡಿಗಾಗಿ ಬೇರೆ ಊರಿಗೆ ಹೋದವನು ಅಲ್ಲಿ ಕೆಲಸ ತಪ್ಪಿ ಬಿದ್ದರೆ ಅವನ ಭಾರವನ್ನು ಹೊರುವವರಾರು? 1662ರ ಕಾನೂನು ಇದಕ್ಕೆ ಕಠಿಣವಾದ ಪರಿಹಾರವನ್ನು ಸೂಚಿಸಿತು: ಅಂಥವನನ್ನು ಅವನ ಮೂಲ ಪ್ಯಾರಿಷಿಗೆ ಹಿಂದಕ್ಕೆ ಅಟ್ಟಬಹುದು. ಅಟ್ಟುವ ಮುನ್ನ ನ್ಯಾಯಾಧಿಕಾರಿಗಳು ಅವನಿಂದ ಪ್ರಮಾಣ ಮಾಡಿಸಿ, ಎಲ್ಲಿ ಹುಟ್ಟಿದೆ, ಯಾರಲ್ಲಿ ಎಷ್ಟು ಕಾಲ ದುಡಿದೆ, ಯಾರನ್ನು ಮದುವೆಯಾದೆ ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಊರು ಬಿಟ್ಟು ಬಂದು ದುಡಿಯುತ್ತಿರುವ ನಮಗೆ ಆ ವಿಚಾರಣೆಯ ಅವಮಾನವು ಸುಲಭವಾಗಿ ಅರ್ಥವಾದೀತು. ಆದರೆ ಒಂದಕ್ಷರವನ್ನೂ ಬರೆಯಲರಿಯದ ಕೂಲಿಕಾರರ ಜೀವನಕಥೆಯು ಇಂದಿಗೂ ಉಳಿದಿರುವುದು ಆ ಕಾಗದಗಳಿಂದಲೇ.

1834ರಲ್ಲಿ ಹೊಸ ಕಾನೂನು ಬಂದಿತು. ಅನೇಕ ಪ್ಯಾರಿಷುಗಳನ್ನು ಸೇರಿಸಿ ಒಂದೊಂದು ಒಕ್ಕೂಟ, ಒಕ್ಕೂಟಕ್ಕೊಂದು ಪಾಲಕ ಮಂಡಳಿ, ಅದರ ಕೈಕೆಳಗೆ ‘ವರ್ಕ್‌ಹೌಸ್’ ಎಂಬ ಬಡವರ ಮನೆ ಎಂದು ಏರ್ಪಾಡಾಯಿತು. ಹೊರಗಿನ ಅತ್ಯಂತ ಬಡ ಕೂಲಿಕಾರನ ಬಾಳಿಗಿಂತಲೂ ಒಳಗಿನ ಬಾಳು ಕಷ್ಟವಾಗಿರಬೇಕು, ಇಲ್ಲದಿದ್ದರೆ ಜನರು ಸೋಮಾರಿಗಳಾದಾರು ಎಂಬುದೇ ಅದರ ತತ್ತ್ವ. ಬಾಗಿಲು ದಾಟಿದೊಡನೆ ಗಂಡನೊಂದು ಕಡೆ, ಹೆಂಡತಿಯೊಂದು ಕಡೆ, ಮಕ್ಕಳೊಂದು ಕಡೆ. ಕಲ್ಲು ಒಡೆಯುವುದು, ಹಡಗಿನ ಹಳೆಯ ಹಗ್ಗಗಳನ್ನು ಬಿಡಿಸಿ ನಾರು ತೆಗೆಯುವುದು ಅಲ್ಲಿಯ ಕೆಲಸ. ಆಂಡೋವರ್ ಎಂಬಲ್ಲಿ ಗೊಬ್ಬರಕ್ಕಾಗಿ ಎಲುಬು ಕುಟ್ಟುತ್ತಿದ್ದವರು ಹಸಿವೆ ತಾಳಲಾರದೆ ಆ ಎಲುಬುಗಳನ್ನೇ ಕಚ್ಚಿ ತಿನ್ನುತ್ತಿದ್ದರೆಂಬ ಸಂಗತಿಯು 1845ರಲ್ಲಿ ಬಯಲಿಗೆ ಬಂದು ದೇಶವೇ ತಲ್ಲಣಿಸಿತು. ವಾರಸುದಾರರಿಲ್ಲದೆ ಸತ್ತವರ ದೇಹವನ್ನು ವೈದ್ಯ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಒಪ್ಪಿಸಲು 1832ರ ಕಾನೂನೇ ಅವಕಾಶ ಕೊಟ್ಟಿತ್ತು. ಆ ಮನೆಯ ಹೆಸರೆತ್ತಲೂ ಜನರು ಅಂಜುತ್ತಿದ್ದುದರಲ್ಲಿ ಆಶ್ಚರ್ಯವೇನು?

ಆದ್ದರಿಂದಲೇ ಅಲ್ಲಿದ್ದು ಬಂದವರು ಮಕ್ಕಳೊಡನೆ ಆ ವಿಷಯವನ್ನು ಆಡಲಿಲ್ಲ. ಮೊಮ್ಮಕ್ಕಳಿಗಂತೂ ಅದರ ಸುಳಿವೇ ಇರಲಿಲ್ಲ. ಈಗ ಆ ಸಂತತಿಯವರು ಪೂರ್ವಿಕರನ್ನು ಹುಡುಕಲು ಹೊರಟಾಗ ಹಳೆಯ ದಫ್ತರಗಳು ಮಾತನಾಡತೊಡಗುತ್ತವೆ.

ಹುಡುಕುವ ಕ್ರಮ ಹೀಗಿದೆ. ಮೊದಲು ಮನೆಯ ಹಿರಿಯರನ್ನು ಕೇಳಿ ಹೆಸರು, ವಯಸ್ಸು, ಊರುಗಳನ್ನು ಗುರುತು ಹಾಕಿಕೊಳ್ಳಬೇಕು. ಬಳಿಕ ಹತ್ತು ವರ್ಷಗಳಿಗೊಮ್ಮೆ ನಡೆದ ಜನಗಣತಿಯ ಹಾಳೆಗಳನ್ನು ನೋಡಬೇಕು. ನೂರು ವರ್ಷ ಕಳೆದ ಮೇಲೆ ಅವು ಸಾರ್ವಜನಿಕರಿಗೆ ತೆರೆಯಲ್ಪಡುತ್ತವೆ. 1921ರ ಗಣತಿಯು 2022ರಲ್ಲಿ ತೆರೆಯಿತು. 1931ರದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. ಗಣತಿಯ ರಾತ್ರಿ ವರ್ಕ್‌ಹೌಸಿನಲ್ಲಿದ್ದವರ ಪಟ್ಟಿಯೂ ಅದರಲ್ಲಿರುತ್ತದೆ. ಆದರೆ ಕೆಲವೆಡೆ ಬರೆದುಕೊಂಡವರು ಪೂರ್ಣ ಹೆಸರಿನ ಬದಲು ಮೊದಲಕ್ಷರಗಳನ್ನಷ್ಟೇ ಗೀಚಿ ಕೈತೊಳೆದುಕೊಂಡಿದ್ದಾರೆ.

ಊರು ಯಾವ ಒಕ್ಕೂಟಕ್ಕೆ ಸೇರಿತ್ತೆಂದು ತಿಳಿದ ಮೇಲೆ ಆ ಪ್ರಾಂತದ ದಾಖಲೆ ಭಂಡಾರಕ್ಕೆ ಹೋಗಬೇಕು. ಅಲ್ಲಿ ವರ್ಕ್‌ಹೌಸಿನ ಪ್ರವೇಶ ಮತ್ತು ನಿರ್ಗಮನದ ಪುಸ್ತಕಗಳು ಉಳಿದಿದ್ದರೆ ಅದೃಷ್ಟವೆನ್ನಬೇಕು. ಬಂದ ದಿನ, ಹೆಸರು, ಕಸಬು, ವಯಸ್ಸು, ಬರಲು ಕಾರಣ, ಹೊರಟ ದಿನ ಎಲ್ಲವೂ ಅದರಲ್ಲಿರುತ್ತವೆ. ಮತಧರ್ಮವನ್ನು ಬರೆದಿಡುವ ಬೇರೊಂದು ಪುಸ್ತಕದಲ್ಲಿ ಹತ್ತಿರದ ಬಂಧುವಿನ ಹೆಸರು ಸಿಗುವುದೂ ಉಂಟು. ಆದರೆ ಎಷ್ಟೋ ಒಕ್ಕೂಟಗಳ ಪುಸ್ತಕಗಳು ನಾಶವಾಗಿವೆ. ನನ್ನಂಥವರು ಅಲ್ಲಿಯೂ ಇದ್ದರು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. 1904ರ ತರುವಾಯ ವರ್ಕ್‌ಹೌಸಿನಲ್ಲಿ ಹುಟ್ಟಿದ ಮಗುವಿನ ಜನ್ಮಪತ್ರದಲ್ಲಿ ಆ ಸಂಸ್ಥೆಯ ಹೆಸರನ್ನು ಬರೆಯದೆ, ಸಾಮಾನ್ಯ ಮನೆಯಂತೆ ಬೀದಿಯ ಹೆಸರನ್ನೂ ಸಂಖ್ಯೆಯನ್ನೂ ಬರೆಯುವ ಪದ್ಧತಿ ಬಂದಿತು. ಮಗುವು ದೊಡ್ಡದಾಗಿ ಕೆಲಸ ಕೇಳಲು ಹೋದಾಗ ತಲೆ ತಗ್ಗಿಸಬಾರದೆಂಬುದು ಇದರ ಆಶಯ. ಸರಕಾರದ ಕಡತದಲ್ಲಿಯೂ ಒಮ್ಮೊಮ್ಮೆ ಕರುಣೆಯು ಹೀಗೆ ಇಣುಕುತ್ತದೆ!

ನಮ್ಮೆಲ್ಲರನ್ನೂ ನಗಿಸಿದ ಚಾರ್ಲಿ ಚಾಪ್ಲಿನ್ನನ ಉದಾಹರಣೆಯನ್ನೇ ನೋಡಿರಿ. ತಾಯಿ ಹನ್ನಾ ಹಾಡುಗಾರ್ತಿ. ಕಂಠ ಕೆಟ್ಟ ಮೇಲೆ ಹೊಲಿಗೆಯಿಂದ ಮಕ್ಕಳನ್ನು ಸಾಕಿದವಳು. 1896ರಲ್ಲಿ ಬೇರೆ ದಾರಿ ಕಾಣದೆ ಅವಳು ಅಣ್ಣ ಸಿಡ್ನಿಯನ್ನೂ ಏಳು ವರ್ಷದ ಚಾರ್ಲಿಯನ್ನೂ ಕರೆದುಕೊಂಡು ಲಂಡನ್ನಿನ ಲ್ಯಾಂಬೆತ್ ವರ್ಕ್‌ಹೌಸನ್ನು ಸೇರಿದಳು. ಕೆಲವೇ ವಾರಗಳಲ್ಲಿ ಮಕ್ಕಳನ್ನು ಹ್ಯಾನ್‌ವೆಲ್ಲಿನ ಬಡಮಕ್ಕಳ ಶಾಲೆಗೆ ಕಳುಹಿಸಲಾಯಿತು. ಚಾಪ್ಲಿನ್ನನು ಇದಾವುದನ್ನೂ ಮುಚ್ಚಿಡದೆ 1964ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದನು. ಕೌತುಕದ ಸಂಗತಿಯೆಂದರೆ, ಈ ಜಗದ್ವಿಖ್ಯಾತನ ಜನನದ ಅಧಿಕೃತ ದಾಖಲೆಯು ಎಷ್ಟು ಹುಡುಕಿದರೂ ದೊರೆತಿಲ್ಲ. ಆದರೆ ಬಡವರ ದಫ್ತರದಲ್ಲಿ ಅವನ ಹೆಸರಿದೆ! ಆ ವರ್ಕ್‌ಹೌಸಿನ ಹಳೆಯ ಕಟ್ಟಡದಲ್ಲಿಯೇ ಮುಂದೆ ಚಲನಚಿತ್ರ ವಸ್ತುಸಂಗ್ರಹಾಲಯವೊಂದು ನೆಲೆಸಿದುದು ವಿಧಿಯ ಚಮತ್ಕಾರವೇ ಸರಿ.

1930ರಲ್ಲಿ ಪಾಲಕ ಮಂಡಳಿಗಳು ರದ್ದಾದವು. 1948ರಲ್ಲಿ ಬಡವರ ಕಾನೂನೇ ಕೊನೆಗೊಂಡಿತು. ಉಳಿದುದು ಪುಸ್ತಕಗಳು. ಅವುಗಳನ್ನು ಬರೆದವರು ಬಡವರ ಮೇಲಿನ ಪ್ರೀತಿಯಿಂದ ಬರೆದವರಲ್ಲ. ತುತ್ತಿಗೆ ತುತ್ತು ಲೆಕ್ಕವಿಡಲು ಬರೆದವರು. ಅದಾಗ್ಯೂ ಇಂದು ಮರಿಮಗಳೊಬ್ಬಳು ಆ ಪುಟವನ್ನು ತೆರೆದು, ‘ನನ್ನ ಮುತ್ತಜ್ಜಿ ಇಲ್ಲಿದ್ದಳು’ ಎಂದು ಬೆರಳಿಟ್ಟು ತೋರಿಸುವಾಗ ಆ ಲೆಕ್ಕದ ಪುಸ್ತಕವೇ ವಂಶಾವಳಿಯಾಗುತ್ತದೆ. ನಾಚಿಕೆಪಡಬೇಕಾದವರು ಹಸಿದು ಬಾಗಿಲು ತಟ್ಟಿದವರಲ್ಲ ಎಂಬುದೂ ಅವಳಿಗೆ ಆಗ ತಿಳಿಯುತ್ತದೆ.

ನಮ್ಮಲ್ಲಿ ಎಷ್ಟು ಜನರ ತಂದೆ, ಅಜ್ಜಂದಿರು ಹತ್ತು-ಹನ್ನೆರಡರ ಪ್ರಾಯದಲ್ಲಿ ಊರು ಬಿಟ್ಟು ಬಂದು, ಹೊಟೇಲಿನ ಮೇಜುಗಳ ಮೇಲೆಯೇ ಮಲಗಿ ಬೆಳೆದರು! ‘ಅದನ್ನೆಲ್ಲ ಈಗ ಏಕೆ ಹೇಳಬೇಕು’ ಎಂದು ನಮ್ಮ ಮನೆಗಳಲ್ಲಿಯೂ ಮುಚ್ಚಿಡುತ್ತೇವೆ. ಹೇಳಬೇಕು. ಮುದಿ ಅಡಿಗೆ ಭಟ್ಟರು, ನಿವೃತ್ತ ಮಾಣಿಗಳು ಇರುವಾಗಲೇ ಕೇಳಿ ಬರೆದಿಡಬೇಕು. ಮಾಲಕರಾದವರು ಹಾಜರಿ ಪುಸ್ತಕದಲ್ಲಿ ‘ಶೀನ, ಕ್ಲೀನರ್’ ಎಂದಷ್ಟೇ ಬರೆಯದೆ ತಂದೆಯ ಹೆಸರನ್ನೂ ಊರನ್ನೂ ಕಾಣಿಸಬೇಕು. ಹಳೆಯ ಪುಸ್ತಕವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಬೇಕು.

ನನಗೆ ಆ ದಿನ ರದ್ದಿಯಿಂದ ದೊರೆತ ಹಣವೆಷ್ಟೆಂಬುದು ಈಗ ನೆನಪಿಲ್ಲ. ಬಂದು ಕೇಳಿದ ಆ ತರುಣನ ಮುಖವು ಮಾತ್ರ ಚೆನ್ನಾಗಿ ನೆನಪಿದೆ.