ಪರದೇಶದ ಹೊಲಕ್ಕೆ ಹೊರಡುವ ಮುನ್ನ

ಮೈಸೂರಿನ ಕುಂಬಾರಕೊಪ್ಪಲನ್ನು ಇಂದು ಕಾಣುವವರಿಗೆ, ಅದು ಒಂದು ಕಾಲದಲ್ಲಿ ಪಟ್ಟಣದ ಹೊರಗಣ ಹಳ್ಳಿಯಾಗಿತ್ತೆಂಬುದು ಹೆಸರೊಂದರಿಂದಲ್ಲದೆ ಬೇರಾವ ಗುರುತಿನಿಂದಲೂ ಸುಲಭವಾಗಿ ತಿಳಿಯಲಾರದು. ಮಣ್ಣನ್ನೇ ನಂಬಿ ಬದುಕಿದವರ ಹೆಸರು ಉಳಿದಿದೆ. ಸುತ್ತಣ ನೆಲದ ಮೇಲೆ ಬಡಾವಣೆಗಳೂ ಕಾರ್ಖಾನೆಗಳೂ ಎದ್ದಿವೆ. ಇಂತಹ ಕೊಪ್ಪಲಿನ ಮನೆಯಿಂದ ಕೃಷಿ ಕಾಲೇಜನ್ನು ಸೇರಿದ ವಿದ್ಯಾರ್ಥಿಯೊಬ್ಬನು, ಬೇಸಗೆಯ ಕೆಲವು ತಿಂಗಳು ಅಮೆರಿಕಕ್ಕೋ ಯೂರೋಪಿಗೋ ಹೋಗಿ, ಅಲ್ಲಿನ ಹೊಲಗಳಲ್ಲಿ ಕೆಲಸ ಕಲಿತು ಬರಲು ಹೊರಟನೆಂದರೆ ಮನೆಯವರಿಗೂ ನೆರೆಯವರಿಗೂ ಹೆಮ್ಮೆಯಾಗುವುದು ಸಹಜವೇ. ಈಗ ವಿದ್ಯಾರ್ಥಿನಿಯರೂ ಹೀಗೆ ಹೊರಡುತ್ತಿರುವುದು ಇನ್ನಷ್ಟು ಸಂತೋಷದ ಸಂಗತಿ. ಆದರೆ ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟ್ಟು, ಚಳಿಗೆ ಕೋಟು ಎಂಬ ಗಡಿಬಿಡಿಯಲ್ಲಿ ಎರಡು ಪ್ರಶ್ನೆಗಳು ಮಾತ್ರ ಯಾರೂ ಕೇಳದೆ ಉಳಿದುಬಿಡುತ್ತವೆ. ಏನನ್ನು ಕಲಿಯುವುದಕ್ಕಾಗಿ ಹೋಗುವುದು? ಅಲ್ಲಿ ಕಲಿಸುವವರು ಯಾರು?

ಮೊದಲನೆಯ ಪ್ರಶ್ನೆಗೆ ಹಳೆಯ ಮೈಸೂರಿನ ಚರಿತ್ರೆಯಲ್ಲಿಯೇ ಉತ್ತರವಿದೆ. ಕೆನಡಾ ದೇಶದವರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಜರ್ಮನಿಯಲ್ಲಿ ಉಚ್ಚ ಶಿಕ್ಷಣವನ್ನು ಪಡೆದು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದರು. ಆಗ ಮಲೆನಾಡಿನ ಅಡಕೆಯ ತೋಟಗಳನ್ನು ಕೊಳೆರೋಗವು ಹಾಳುಮಾಡುತ್ತಿತ್ತು. ಮಳೆ ಹಿಡಿದರೆ ಎಳೆಯ ಕಾಯಿಗಳು ಕೊಳೆತು ಉದುರಿ, ಮರದ ಬುಡವೆಲ್ಲ ಹಸಿರಾಗುವುದು. ತೋಟದವರು ಗೊನೆಗೊನೆಗೂ ಕೊಟ್ಟೆ ಕಟ್ಟಿ, ದೈವದ ಮೇಲೆ ಭಾರ ಹಾಕಿ ಕುಳಿತುಕೊಳ್ಳುವರು. ಕೋಲ್ಮನ್ನರು ರೋಗಕ್ಕೆ ಕಾರಣವಾದ ಬೂಷ್ಟನ್ನು ಗುರುತಿಸಿ 1910ರಲ್ಲಿ ಅದನ್ನು ಕುರಿತ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ಬಳಕೆಗೆ ತಂದರು.

ಈ ದ್ರಾವಣದ ಕಥೆಯೂ ಸ್ವಾರಸ್ಯವಾದುದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕಿತ್ತು ತಿನ್ನದಿರಲೆಂದು ರಸ್ತೆಯ ಪಕ್ಕದ ಬಳ್ಳಿಗಳಿಗೆ ಅಂತಹ ನೀಲಿ ಬಣ್ಣವನ್ನು ಎರಚುವ ವಾಡಿಕೆಯಿತ್ತು. ಎರಚಿದ ಬಳ್ಳಿಗಳಿಗೆ ರೋಗವು ತಗುಲದಿದ್ದುದನ್ನು ಮಿಯಾರ್ಡೆ ಎಂಬ ಪಂಡಿತರು ಕಂಡು, 1885ರಲ್ಲಿ ಅದರ ಗುಣವನ್ನು ಲೋಕಕ್ಕೆ ತಿಳಿಸಿದರು. ಕಳ್ಳರಿಗಾಗಿ ಕಲಸಿದ ನೀಲಿಯು ಹೀಗೆ ನಮ್ಮ ಅಡಕೆಯನ್ನು ಕಾಯತೊಡಗಿತು! ಆದರೂ ಫ್ರಾನ್ಸಿನ ಮಳೆಯೇ ಬೇರೆ, ಆಗುಂಬೆಯ ಮಳೆಯೇ ಬೇರೆ. ನಮ್ಮ ಮಳೆಗೆ ತೊಳೆದುಹೋಗದಂತೆ ರಾಳ ಮತ್ತು ಸೋಡಾದ ಅಂಟನ್ನು ಅದಕ್ಕೆ ಸೇರಿಸಬೇಕಾಯಿತು. ಔಷಧವು ಹೊರಗಿನಿಂದ ಬಂದಿತು, ನಿಜ. ಆದರೆ ಯಾವ ರೋಗಕ್ಕೆ, ಯಾವ ಮಳೆಯಲ್ಲಿ ಎಂಬ ಪ್ರಶ್ನೆ ಇಲ್ಲಿಯದಾಗಿತ್ತು.

ಹೋಗಿ ಬಂದವರ ನಿದರ್ಶನವೂ ದೂರದಲ್ಲಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಮರಿಗೌಡನಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಎಚ್. ಮರಿಗೌಡರು ಲಾಲ್‌ಬಾಗಿನಲ್ಲಿ ಕೆಲಸಕ್ಕೆ ಸೇರಿ, ಬಳಿಕ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಹಿಂದಿರುಗಿದ ಮೇಲೆ ಅವರು ಅಲ್ಲಿಯ ಉದ್ಯಾನಗಳ ಸೊಬಗನ್ನು ವರ್ಣಿಸುತ್ತ ಕಾಲ ಕಳೆಯಲಿಲ್ಲ. ಒಳ್ಳೆಯ ಸಸಿ ಬೇಕೆಂದರೆ ರೈತನು ಬೆಂಗಳೂರಿಗೇ ಹೋಗಬೇಕಾದ ಸ್ಥಿತಿ ತಪ್ಪಬೇಕೆಂದು, ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆಯ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ಸ್ಥಾಪಿಸಿದರು.

ಇನ್ನು ಮಂಡ್ಯದ ವಿ. ಸಿ. ಫಾರಂ. ಕೊಪ್ಪಲಿನಿಂದ ಬಸ್ಸು ಹಿಡಿದರೆ ಅರ್ಧ ದಿನದಲ್ಲಿ ನೋಡಿ ಬರಬಹುದು. ಅಲ್ಲಿ 'ರಾಗಿ ಲಕ್ಷ್ಮಣಯ್ಯ'ನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಗೊಳಿಸಿ, ಇಂಡಿಯಾ ಆಫ್ರಿಕಗಳೆರಡರ ಹೆಸರನ್ನೂ ಕೂಡಿಸಿದ 'ಇಂಡಾಫ್' ತಳಿಗಳನ್ನು ಹೊರತಂದರು. ರಾಗಿಯೇ ಮೂಲದಲ್ಲಿ ಆಫ್ರಿಕದಿಂದ ಬಂದ ಬೆಳೆಯೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಮುದ್ದೆ ನಮ್ಮದೆಂದು ಎದೆ ತಟ್ಟಿಕೊಳ್ಳುವವರು ಇದನ್ನು ಕೇಳಿ ಬೇಸರಪಡಬಾರದು. ಅಯೋವಾದ ಜೋಳದ ಹೊಲವನ್ನು ನೋಡಹೊರಟ ವಿದ್ಯಾರ್ಥಿಯು ಮೊದಲು ಈ ಕ್ಷೇತ್ರದಲ್ಲಿ ಒಂದು ವಾರ ನಿಂತು, ನಾಲೆಯ ನೀರು ಹೆಚ್ಚಾಗಿ ಜೌಗಾದ ಗದ್ದೆಯನ್ನೂ, ನೀರು ತಲಪದ ಕೊನೆಯ ಗದ್ದೆಯನ್ನೂ ಕಂಡು, ಅಲ್ಲಿಯ ರೈತರ ದೂರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿ. ಪರದೇಶದಲ್ಲಿ ಯಾವುದನ್ನು ನೋಡಬೇಕೆಂಬುದನ್ನು ಆ ಪುಸ್ತಕವೇ ಅವನಿಗೆ ತೋರಿಸಿಕೊಡುವುದು.

ಎರಡನೆಯ ಪ್ರಶ್ನೆಯು ಹೆಚ್ಚು ಕಹಿಯಾದುದು. ತರಬೇತಿಯೆಂಬ ಹೆಸರಿನಲ್ಲಿ ಅಗ್ಗದ ಕೂಲಿಯನ್ನು ಪಡೆಯುವ ಪದ್ಧತಿ ಲೋಕದಲ್ಲಿ ಇಲ್ಲದಿಲ್ಲ. ಜಪಾನು 1993ರಲ್ಲಿ ತಾಂತ್ರಿಕ ತರಬೇತಿಯ ಯೋಜನೆಯೊಂದನ್ನು ಆರಂಭಿಸಿತು, ಬೇಸಾಯವೂ ಅದರೊಳಗಿತ್ತು. 2017ರಲ್ಲಿ ಭಾರತವೂ ಆ ವಿಷಯದಲ್ಲಿ ಜಪಾನಿನೊಡನೆ ಒಡಂಬಡಿಕೆ ಮಾಡಿಕೊಂಡಿತು. ಕಲಿಯಲು ಬಂದವರನ್ನು ಬರಿಯ ಆಳುಗಳಂತೆ ದುಡಿಸಲಾಗುತ್ತಿದೆಯೆಂಬ ಆಕ್ಷೇಪಣೆಗಳು ವರ್ಷವರ್ಷಕ್ಕೆ ಬೆಳೆದು, ಕಡೆಗೆ 2024ರಲ್ಲಿ ಆ ದೇಶದ ಶಾಸನಸಭೆಯೇ ಆ ಯೋಜನೆಯನ್ನು ತೆಗೆದು ಬೇರೊಂದು ಪದ್ಧತಿಯನ್ನು ತರುವ ಕಾನೂನನ್ನು ಅಂಗೀಕರಿಸಬೇಕಾಯಿತು. ಅಮೆರಿಕದ ಜೆ-1 ವೀಸಾದ ನಿಯಮಗಳು, ಕಲಿಯಲು ಬಂದವನನ್ನು ಕುಶಲತೆ ಬೇಡದ ಕೂಲಿ ಕೆಲಸದಲ್ಲಿ ತೊಡಗಿಸಕೂಡದೆಂದು ವಿಧಿಸಿವೆ. ಹೊರಡುವ ಮೊದಲೇ ಡಿ. ಎಸ್. 7002 ಎಂಬ ಯೋಜನಾಪತ್ರವೊಂದು ಸಿದ್ಧವಾಗಬೇಕು. ಯಾವ ಹಂತದಲ್ಲಿ ಏನನ್ನು ಕಲಿಸುವರು, ಮೇಲ್ವಿಚಾರಣೆ ಯಾರದು, ಕಲಿತದ್ದನ್ನು ಹೇಗೆ ಪರೀಕ್ಷಿಸುವರು ಎಂಬುದನ್ನೆಲ್ಲ ಅದರಲ್ಲಿ ಬರೆದು ವಿದ್ಯಾರ್ಥಿಯೂ ರುಜು ಹಾಕಬೇಕು. ಅನೇಕರು ಇದನ್ನು ವೀಸಾ ಕಾಗದಗಳಲ್ಲಿ ಇನ್ನೊಂದೆಂದು ಬಗೆದು, ಓದದೆಯೇ ರುಜು ಹಾಕಿಬಿಡುವರೆಂಬುದು ನಮ್ಮ ಶಂಕೆ. ಹಣ್ಣು ಕೀಳುವ ಕೆಲಸದಲ್ಲಿ ಅಗೌರವವೇನೂ ಇಲ್ಲ. ಆದರೆ ಮೂರು ತಿಂಗಳೂ ಹಣ್ಣನ್ನೇ ಕಿತ್ತು ಬರುವುದಾದರೆ ಅದನ್ನು ಶಿಕ್ಷಣವೆಂದು ಕರೆದು ಮನೆಯವರಿಂದ ಸಾಲ ಮಾಡಿಸುವುದು ನ್ಯಾಯವಲ್ಲ.

ಬೀಜದ ವಿಷಯದಲ್ಲಿ ಒಂದು ಮಾತು. ಮೆಚ್ಚಿದ ಗಿಡದ ನಾಲ್ಕು ಬೀಜಗಳನ್ನು ಜೇಬಿನಲ್ಲಿ ಹಾಕಿಕೊಂಡು ಬರುವ ಆಸೆ ಬೇಸಾಯಗಾರನಿಗೆ ಸಹಜ; 2003ರ ಸಸ್ಯ ಸಂಪರ್ಕನಿಷೇಧದ ಆಜ್ಞೆಯ ಮೇರೆಗೆ ಅನುಮತಿಯಿಲ್ಲದೆ ಹಾಗೆ ತರುವಂತಿಲ್ಲ. ಖಾಲಿ ನಿವೇಶನಗಳಲ್ಲೆಲ್ಲ ಸೊಂಟದೆತ್ತರಕ್ಕೆ ಬೆಳೆಯುವ ಕಾಂಗ್ರೆಸ್ ಗಿಡವು 1950ರ ದಶಕದಲ್ಲಿ ಆಮದು ಧಾನ್ಯದೊಡನೆ ಬಂದಿತೆಂದು ಹೇಳುತ್ತಾರೆ. ಅದರ ಬಾಧೆಯನ್ನು ನಗರವಾಸಿಗಳಿಗೆ ವಿವರಿಸಬೇಕಾಗಿಲ್ಲ.

ಕೊನೆಗೆ ಕಾಲದ ತೊಡಕು. ಆ ದೇಶಗಳ ಬೇಸಗೆಯೆಂದರೆ ಜೂನ್‌ನಿಂದ ಆಗಸ್ಟ್‌ವರೆಗೆ. ನಮ್ಮಲ್ಲಿ ಅದೇ ಮುಂಗಾರು, ರಾಗಿ ಬಿತ್ತುವ ಕಾಲ. ಕೊಪ್ಪಲಿನಲ್ಲಿ ಹೊಲ ಉಳಿಯದಿದ್ದರೂ ಅಜ್ಜನ ಊರಿನಲ್ಲಿ ಒಂದೆರಡು ಎಕರೆ ಉಳಿದಿರುವ ಮನೆಗಳು ಇನ್ನೂ ಇವೆ. ಇಂತಹ ಮನೆಯ ಮಗ ಹೊರಟರೆ ಆ ವರ್ಷ ಕೂರಿಗೆಯ ಹಿಂದೆ ಬೇರೊಬ್ಬ ಕೂಲಿಯಾಳು ನಡೆಯಬೇಕು. ಆ ಖರ್ಚನ್ನು ವಿಮಾನದ ಟಿಕೆಟ್ಟಿನ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ. ಆದುದರಿಂದ ಕಾಲೇಜುಗಳ ಅಧಿಕಾರಿಗಳು ಒಂದು ಸಣ್ಣ ಉಪಕಾರವನ್ನು ಮಾಡಬೇಕು. ಆ ಯೋಜನಾಪತ್ರವು ಇಂಗ್ಲಿಷಿನಲ್ಲಿರುತ್ತದೆ. ಅದರ ಸಾರಾಂಶವನ್ನು ಒಂದು ಪುಟದ ಕನ್ನಡದಲ್ಲಿ ಬರೆಯಿಸಿ, ವಿದ್ಯಾರ್ಥಿಯ ತಂದೆತಾಯಿಗಳ ಮುಂದೆ ಓದಿಸಲಿ. ಬ್ಯಾಂಕಿನ ಸಾಲದ ಕಾಗದಕ್ಕೆ ರುಜು ಹಾಕುವವರು ಅವರೇ.